ಬಿಟ್ಟಿದ್ದು ಐತೇನು?

ಗುರುವಾರ ಬೆಳಿಗ್ಗೆ ದುರುಗಪ್ಪನನ್ನು ಮಾರ್ಕೆಟ್ಟಿನ ಹಿಂದಿನ ಚರಂಡಿ ಗುಂಡಿಗೆ ಇಳಿಸಿದರು. ಇನ್ನು ಮೇಲೆ ಯಾರನ್ನೂ ಗುಂಡಿಗೆ ಇಳಿಸಕೂಡದು ಎಂದು ಮಂಗಳವಾರದ ಸಭೆ ಕೈಯೆತ್ತಿ ಒಪ್ಪಿತ್ತು. ದುರುಗಪ್ಪ ಹೆಣವಾಗಿ ಮೇಲೆ ಬಂದ.

ಮಂಗಳವಾರ ಏನು ನಡೆಯಿತೆಂದು ಹೇಳಬಲ್ಲವಳು ಊರಿನಲ್ಲಿ ನಾನೊಬ್ಬಳೇ. ನಮ್ಮೂರ ಚಾವಡಿಯ ಹೊಸ್ತಿಲು ದಾಟಿ ಹೊರಗೆ ಬಂದವರ ತಲೆಯಲ್ಲಿ ಆ ಸೂರಿನ ಕೆಳಗೆ ಆಡಿದ ಮಾತು ಒಂದೂ ಉಳಿಯುವುದಿಲ್ಲ. ಇವತ್ತು ಆಡಿದ್ದು ಉಳಿಯುವುದಿಲ್ಲ, ಹೋದ ವರ್ಷ ಆಡಿದ್ದನ್ನು ಯಾರ ಬಾಯಿಂದಲೋ ಕೇಳಿ ತಿಳಿದಿದ್ದರೆ ಅದೂ ಉಳಿಯುವುದಿಲ್ಲ. ಒಳಗೆ ಬರೆದ ಕಾಗದ ಹೊರಗೆ ಬಂದರೆ ಬಿಳಿ. ಒಳಗೆ ಕೊರಳಪಟ್ಟಿ ಹಿಡಿದವರು ಹೊರಗೆ ಬಂದು ಒಂದೇ ಬೀಡಿಯನ್ನು ಇಬ್ಬರೂ ಎಳೆಯುತ್ತಾರೆ. ಹೆಂಗಸರು ಹೊರಗೆ ಬಂದ ಕೂಡಲೇ ಒಬ್ಬರ ಕಣ್ಣು ಇನ್ನೊಬ್ಬರು ನೋಡಿ, ಕೆಂಪಗಿದ್ದರೆ, ಏನೋ ದೊಡ್ಡದೇ ನಡೆದಿದೆ ಎಂದು ಲೆಕ್ಕ ಹಾಕುತ್ತಾರೆ. ಏನು ಕೇಳಬೇಕೆಂದು ಹೊರಟೆವೋ ಅದು ಮರೆಯಬಾರದೆಂದು ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಾರೆ. ಹೊರಗೆ ಬಂದ ಮೇಲೆ ಗಂಟು ಬಿಚ್ಚಬೇಕೋ ಹಾಗೇ ಇಡಬೇಕೋ ತಿಳಿಯದೆ ಸುಮ್ಮನೆ ಸವರುತ್ತಾ ನಿಲ್ಲುತ್ತಾರೆ.

ಹಾಗಾಗಿ ಸಾರ ಹೇಳುವವರೊಬ್ಬರು ಬೇಕು. ಚಾವಡಿಯ ಮೂಡಣ ಗೋಡೆಗೆ ಒಂದು ಕಿಟಕಿ ಇದೆ, ಅದರ ಕೆಳಗೆ ಹೊರಗಡೆ ಒಂದು ಚಪ್ಪಡಿ ಕಲ್ಲು. ನಮ್ಮ ಮುತ್ತಜ್ಜಿಯ ಕಾಲಕ್ಕೆ ನಮ್ಮ ಕೇರಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಕರೆದಾಗ ಓಗೊಡಬೇಕು, ಕಣ್ಣಿಗೆ ಬೀಳಬಾರದು ಎಂದು ಆ ಕಲ್ಲಿನ ಮೇಲೆ ಕೂರಿಸಿದರು. ಹೊರಗೆ ಕೂತವಳು ಹೊಸ್ತಿಲು ದಾಟುವುದೆಲ್ಲಿ ಬಂತು? ಅವರು ಮರೆತದ್ದೆಲ್ಲ ಅವಳಿಗೆ ನೆನಪುಳಿಯಿತು. ನಮ್ಮನ್ನು ದೂರ ಇಟ್ಟವರೇ ತಮ್ಮ ನೆನಪನ್ನು ನಮ್ಮ ಕೈಗೆ ಕೊಟ್ಟರು, ಅದೂ ತಿಳಿಯದೆ. ಈಗ ಕಾಯಿದೆ ಬದಲಾಗಿದೆ, ನಮ್ಮ ಕೇರಿಯವರೂ ಒಳಗೆ ಹೋಗುತ್ತಾರೆ, ಮಾತಾಡುತ್ತಾರೆ, ಎಲ್ಲರ ಹಾಗೆ ಮರೆತು ಬರುತ್ತಾರೆ. ನಾನು ಮಾತ್ರ ನಮ್ಮವ್ವನ ಹಾಗೆ ಕಲ್ಲಿನ ಮೇಲೆ ಉಳಿದೆ. ನನ್ನ ಹೆಸರು ಹೊನ್ನೂರವ್ವ. ನನ್ನ ಐವತ್ತು ವರ್ಷದಲ್ಲಿ ಒಂದು ಸಲವೂ ಆ ಹೊಸ್ತಿಲು ತುಳಿದವಳಲ್ಲ.

ಸಭೆಯ ಮಾರನೇ ಬೆಳಿಗ್ಗೆ ಆಲದ ಕಟ್ಟೆಯ ಮೇಲೆ ನಿಂತು ಸಾರ ಹೇಳುವುದು, ಹೇಳಿ ಮುಗಿಸಿ ಮೂರು ಸಲ ‘ಬಿಟ್ಟಿದ್ದು ಐತೇನು?’ ಎಂದು ಕೇಳುವುದು ನೇಮ. ಕೂತವರಿಗೆ ಏನು ಗೊತ್ತು? ‘ಇಲ್ಲವ್ವಾ’ ಎಂದು ತಂಬಾಕು ಉಗಿದು ಎದ್ದು ಹೋಗುತ್ತಾರೆ. ಚಿಕ್ಕವಳಿದ್ದಾಗ ನಾನು ನಮ್ಮವ್ವನನ್ನು ಕೇಳಿದ್ದೆ, ಯಾರಿಗೂ ನೆನಪಿಲ್ಲದ್ದನ್ನು ಮೂರು ಸಲ ಯಾಕೆ ಕೇಳಬೇಕು ಎಂದು. ಅವ್ವ ತಲೆ ಬಾಚುತ್ತಿದ್ದವಳು ಹಣಿಗೆ ನಿಲ್ಲಿಸಿ, ‘ಅದು ಅವ್ರಿಗೆ ಕೇಳೂದಲ್ಲ ಹುಚ್ಚಿ, ನಮಗ ನಾವು ಕೇಳ್ಕೊಳ್ಳೂದು’ ಎಂದಿದ್ದಳು.

ಎರಡು ವರ್ಷದ ಹಿಂದೆ ಊರಿಗೆ ಏಜೆಂಟರು ಬಂದರು. ಕೈಕಾಲಿಲ್ಲದ, ಕಂಪ್ಯೂಟರಿನೊಳಗೆ ಇರುವ ಕೆಲಸಗಾರರು. ನೀರು ಬಿಡಲು ಒಂದು, ಬೀದಿ ದೀಪಕ್ಕೆ ಒಂದು, ಯಾರು ಎಲ್ಲಿ ಕೆಲಸಕ್ಕೆ ಹೋಗಬೇಕೆಂದು ಮೊಬೈಲಿಗೆ ಕಳಿಸಲು ಇನ್ನೊಂದು. ಅದಕ್ಕೆ ಹಾಜರಿ ಏಜೆಂಟು ಎನ್ನುತ್ತಿದ್ದೆವು. ಸಭೆಯಲ್ಲಿ ಏನಾಯಿತೆಂದು ತಿಳಿಯದೆ ಅವು ಒಂದು ನಲ್ಲಿ ತಿರುಗಿಸುವ ಹಾಗಿರಲಿಲ್ಲ. ಕಟ್ಟೆಯ ಮೇಲೆ ಮೈಕು ಇಟ್ಟರು. ನಾನು ಸಾರ ಹೇಳುತ್ತಿದ್ದೆ, ಅವು ಕೇಳುತ್ತಿದ್ದವು. ಖರೆ ಹೇಳುತ್ತೇನೆ, ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ. ನೀರಿನ ಏಜೆಂಟು ಪ್ರತಿ ಸಲ ‘ಹೊನ್ನೂರವ್ವನವರೇ, ಇತ್ತೀಚಿನ ಸಭೆಗಳ ಸಾರ ದಯವಿಟ್ಟು ಹೇಳಿ’ ಎನ್ನುತ್ತಿತ್ತು. ಅವ್ವನವರೇ! ಅದನ್ನು ಕೇಳಲಿಕ್ಕೆಂದೇ ನಾನು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೋಗುತ್ತಿದ್ದೆ. ದನಿಗೆ ಕಣ್ಣಿಲ್ಲ ಎಂದು ಗೊತ್ತಿದ್ದೂ.

ಆಮೇಲೆ ಪೆಟ್ಟಿಗೆ ಬಂತು. ಕಾರ್ಯದರ್ಶಿ ಸುಧೀಂದ್ರ ತಂದದ್ದು. ತೆಂಗಿನಕಾಯಿಯಷ್ಟು ದಪ್ಪ, ಬೂದು ಬಣ್ಣ, ಮೇಲೊಂದು ಹಸಿರು ದೀಪ. ಸಭೆಯ ಮಾತು ಕೇಳಿಸಿಕೊಂಡು ಏಜೆಂಟರಿಗೆ ಸಾರ ಮಾಡಿ ಕೊಡುವುದಷ್ಟೇ ಅದರ ಕೆಲಸ. ಅದು ಹೊಸ್ತಿಲು ದಾಟುವುದಿಲ್ಲ, ಹಾಗಾಗಿ ಮರೆಯುವುದೂ ಇಲ್ಲ. ಅಧ್ಯಕ್ಷ ಪಂಪಣ್ಣನವರ ಬಲಗಡೆ ಮೇಜಿನ ಮೇಲೆ ಕೆಂಪು ಮಖಮಲ್ಲು ಹಾಸಿ ಅದನ್ನು ಕೂರಿಸಿದರು. ನಾಲ್ಕು ತಲೆಮಾರು ಕಲ್ಲಿನ ಮೇಲೆ ಕೂತು ಸವೆದವರು ನಾವು. ಅದಕ್ಕೆ ಮೊದಲ ದಿನವೇ ಮಖಮಲ್ಲು. ಅದರ ವೈರನ್ನು ಹೊರಗೆ ತರಲು ಬೇರೆ ದಾರಿ ಸಿಗಲಿಲ್ಲ. ನನ್ನ ಕಿಟಕಿಯಿಂದ ಇಳಿಸಿ, ನನ್ನ ಕಲ್ಲಿನ ಮೇಲೆ ಹಾಯಿಸಿ ಕಂಬಕ್ಕೆ ಕಟ್ಟಿದರು. ‘ಸ್ವಲ್ಪ ಸರೀರಿ ಹೊನ್ನೂರವ್ವ, ವೈರು ತುಳದೀರಿ’ ಎಂದ ಸುಧೀಂದ್ರ. ನಾನು ಸರಿದೆ.

ಅದು ಕೂತ ಮೊದಲ ಸಭೆಯ ಮರುದಿನ ಕಟ್ಟೆಯ ಮೇಲೆ ಮೈಕಿನ ಜಾಗದಲ್ಲಿ ಸ್ಪೀಕರು ಇತ್ತು. ನೀರಿನ ಏಜೆಂಟು ಅದೇ ದನಿಯಲ್ಲಿ, ಅದೇ ವಿನಯದಲ್ಲಿ, ‘ಇತ್ತೀಚಿನ ಸಭೆಗಳ ಸಾರ ದಯವಿಟ್ಟು ಹೇಳಿ’ ಎಂದಿತು. ನನಗಲ್ಲ. ನನ್ನ ಎದೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ಹೆಂಡತಿ ಎದುರಿಗೇ ಗಂಡ ಇನ್ನೊಬ್ಬಳಿಗೆ ಹೂವು ಮುಡಿಸಿದರೆ ಆಗುವ ಉರಿ ಅದು. ಪೆಟ್ಟಿಗೆ ಕೆಮ್ಮಲಿಲ್ಲ, ತಡವರಿಸಲಿಲ್ಲ, ಐದೇ ಸಾಲಿನಲ್ಲಿ ಇಡೀ ಸಭೆ ಮುಗಿಸಿತು. ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಜನ ಖುಷಿಯಾಗಿ ಎದ್ದರು. ‘ಬಿಟ್ಟಿದ್ದು ಐತೇನು?’ ಎಂದು ಅದೂ ಮೂರು ಸಲ ಕೇಳಿತು; ಆ ನೇಮವನ್ನೂ ಸುಧೀಂದ್ರ ಅದಕ್ಕೆ ಕಲಿಸಿದ್ದ. ನಮ್ಮವ್ವನ ಮಾತು ಆ ತೆಂಗಿನಕಾಯಿಯ ಬಾಯಲ್ಲಿ!

ಪಕ್ಕದ ಮನೆಯ ಹುಲಿಗೆವ್ವ ನನ್ನ ಉರಿಯನ್ನು ಮೊದಲ ದಿನವೇ ಹಿಡಿದಳು. ನಾವಿಬ್ಬರೂ ಒಂದೇ ಓಣಿಯಲ್ಲಿ ಮಣ್ಣಾಡಿ ಬೆಳೆದವರು. ಅವಳು ಕಸ ಗುಡಿಸುವವಳು, ಅವಳ ಗಂಡ ದುರುಗಪ್ಪ ಚರಂಡಿ ಕೆಲಸದವನು. ‘ಏನವಾ, ನಿನ್ನ ಸವತಿ ಇವತ್ತೇನಂದ್ಲು?’ ಎಂದು ಪ್ರತಿ ಸಲ ಕೇಳುವಳು. ‘ನಿನಗಿಂತ ಚೊಲೋ ಐತಿ ಬಿಡು ಅಕಿ ದನಿ. ನೀ ಹೇಳೂವಾಗ ನನಗ ನಿದ್ದಿನ ಬರ್ತಿತ್ತು.’

‘ಹಂಗಂದ್ರ ಅಕಿ ಮನಿಗೇ ಹೋಗಿ ಸಾರು ಇಸಗೋ’ ಎಂದು ನಾನು ಕದ ಹಾಕಿಕೊಳ್ಳುತ್ತಿದ್ದೆ. ದುರುಗಪ್ಪ ಆಚೆ ಜಗಲಿಯಿಂದ, ‘ಬಿಡಬೇ ಆಕೀನ್ನ, ಪಾಪ’ ಎನ್ನುವನು. ಆ ಪಾಪ ಎಂಬ ಮಾತು ಹುಲಿಗೆವ್ವನ ಮಾತಿಗಿಂತ ಹೆಚ್ಚು ಸುಡುತ್ತಿತ್ತು. ಮುಚ್ಚುಮರೆ ಯಾಕೆ, ನನಗೆ ಹುಲಿಗೆವ್ವನ ಮೇಲೂ ಹೊಟ್ಟೆಯುರಿ ಇತ್ತು. ಅವಳಿಗೆ ಗಂಡ ಇದ್ದ. ಅವಳಿಗೆ ಬಾಯಿ ಇತ್ತು. ಒಳಗೆ ನಿಂತು ಮಾತಾಡಿದರೆ ಗೋಡೆಯ ಸುಣ್ಣ ಉದುರಬೇಕು. ನಾನು ಜೀವಮಾನವೆಲ್ಲ ಮಂದಿಯ ಮಾತನ್ನು ಹೊತ್ತವಳು. ನನ್ನದೆಂದು ಒಂದು ಮಾತನ್ನು ಆ ಚಾವಡಿ ಕೇಳಲಿಲ್ಲ.

ಪೆಟ್ಟಿಗೆಯ ಒಂದು ಗುಟ್ಟು ನನಗೆ ಎರಡನೇ ಸಭೆಗೇ ತಿಳಿಯಿತು. ನಮ್ಮೂರ ಸಭೆಯಲ್ಲಿ ತೀರ್ಮಾನವನ್ನು ಬಾಯಿಂದ ಹೇಳುವುದಿಲ್ಲ. ‘ಒಪ್ಪಿದವರು ಎತ್ತರಿ’ ಎಂದು ಅಧ್ಯಕ್ಷರು ಹೇಳುತ್ತಾರೆ, ಕೈಗಳು ಏಳುತ್ತವೆ, ಇಳಿಯುತ್ತವೆ, ‘ಮುಂದಿಂದು’ ಎನ್ನುತ್ತಾರೆ. ಎದ್ದ ಕೈ ಸದ್ದು ಮಾಡುವುದಿಲ್ಲ. ಪೆಟ್ಟಿಗೆಗೆ ಕಿವಿ ಇತ್ತು, ಕಣ್ಣಿರಲಿಲ್ಲ. ಚರ್ಚೆ ಅದಕ್ಕೆ ಕೇಳಿಸುತ್ತಿತ್ತು, ತೀರ್ಮಾನ ಕಾಣಿಸುತ್ತಿರಲಿಲ್ಲ. ಕಂಡದ್ದು ಕಿಟಕಿಯಲ್ಲಿದ್ದ ನನಗೆ ಮಾತ್ರ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಸುಧೀಂದ್ರ ಸರಿ ಮಾಡುತ್ತಿದ್ದ. ಹೇಳಲಿಲ್ಲ. ಆ ಗುಟ್ಟನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡೆ. ಒಂದಲ್ಲ ಒಂದು ದಿನ ಇದು ಮುಗ್ಗರಿಸುತ್ತದೆ, ಆವತ್ತು ಊರಿಗೆ ಊರೇ ನನ್ನ ಕಲ್ಲಿನ ಹತ್ತಿರ ಬರುತ್ತದೆ ಎಂದು ಕಾದೆ. ನೀರಿನ ಸರದಿ ತಪ್ಪೀತು, ದೀಪ ಹಗಲಲ್ಲಿ ಉರಿದೀತು, ನಾಲ್ಕು ಜನ ನಕ್ಕಾರು ಎಂದು ನನ್ನ ಲೆಕ್ಕ. ಅದಕ್ಕಿಂತ ದೂರ ನನ್ನ ಹೊಟ್ಟೆಯುರಿ ಯೋಚಿಸಲಿಲ್ಲ.

ಆ ಮಂಗಳವಾರ ಹುಲಿಗೆವ್ವ ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ನಲವತ್ತು ನಿಮಿಷ ಮಾತಾಡಿದಳು. ‘ನಿಮ್ಮ ಹೊಟ್ಯಾಗಿಂದು ಹೊರಗ ಬಂದ ಮ್ಯಾಲ ಅದು ನಿಮ್ಮದಲ್ಲೇನ್ರಿ? ಅದರಾಗ ನನ್ನ ಗಂಡ ಕುತ್ತಿಗಿಮಟ ನಿಂತು ಬರ್ತಾನ. ಮನಿಗೆ ಬಂದು ತುತ್ತು ಎತ್ತಿದ್ರ ಕೈ ಮೂಸಿ ಮೂಸಿ ಇಡ್ತಾನ. ಕೂಸು ಎತ್ಕೋ ಅಂದ್ರ ಎತ್ಕೊಳ್ಳಂಗಿಲ್ಲ. ಗುಂಡ್ಯಾಗ ಗಾಳಿ ಇಲ್ರೀ. ಹೋದ ಸಲ ಮೇಲೆತ್ತಿದಾಗ ತುಟಿ ನೀಲಿ ಆಗಿದ್ವು. ನಾ ಊದಿ ಊದಿ ಉಸಿರು ಕೊಟ್ಟೀನಿ. ಯಂತ್ರ ತರ್ರಿ. ಮಾತಾಡೂ ಯಂತ್ರ ತಂದೀರಿ, ಹೇಲು ಎಳೆಯೂ ಯಂತ್ರ ತರಾಕ ನಿಮಗೇನು ರೋಗ?’ ಪಂಪಣ್ಣನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ‘ಇನ್ನ ಯಾರನ್ನೂ ಇಳಸೂದು ಬ್ಯಾಡ ಅನ್ನೂದಕ್ಕ ಒಪ್ಪಿದವರು ಎತ್ತರಿ’ ಎನ್ನಲಿಕ್ಕೂ ಅವರ ಬಾಯಿಗೆ ಆಗಲಿಲ್ಲ. ಹುಲಿಗೆವ್ವನ ಕಡೆ ನೋಡಿ ಸುಮ್ಮನೆ ಕೈಯೆತ್ತಿದರು. ಎಲ್ಲರಿಗಿಂತ ಮೊದಲು ಎದ್ದ ಕೈ ಅವರದೇ. ಆಮೇಲೆ ಒಂದೊಂದಾಗಿ ಇಡೀ ಚಾವಡಿ. ಮಾತಿಲ್ಲ, ಕೆಮ್ಮಿಲ್ಲ. ನಾನು ಕಿಟಕಿಯ ಸರಳು ಹಿಡಿದು ಎಣಿಸಿದೆ, ಅರವತ್ತೆರಡು ಕೈ. ಒಳಗಿದ್ದಾಗ ಒಳ್ಳೆಯವರಾಗುವುದು ನಮ್ಮೂರ ದೊಡ್ಡವರಿಗೆ ಕಷ್ಟವಲ್ಲ. ಹೊಸ್ತಿಲು ಅವರನ್ನು ಕಾಪಾಡುತ್ತದೆ.

ಹುಲಿಗೆವ್ವ ಹೊರಗೆ ಬಂದು ನನ್ನ ಕಲ್ಲಿನ ಪಕ್ಕ ಕುಸಿದು ಕೂತಳು. ‘ಗಂಟಲ ಒಣಗೇತಿ ನೋಡವಾ. ಒಳಗ ಭಾಳ ಒದರಾಡೀನೇನು? ಕಣ್ಣೂ ಉರಿಯಾಕ ಹತ್ಯಾವ.’ ನಾನು ನೀರು ಕೊಟ್ಟೆ. ‘ಏನಾತು ಹೇಳಬಾರದೇನ, ಒಂದ ಮಾತು?’ ಎಂದಳು. ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು, ‘ನಾಳಿ ನನ್ನ ಸವತಿ ಹೇಳತಾಳ, ಕೇಳು. ದನಿ ಚೊಲೋ ಐತೆಲ್ಲ’ ಎಂದೆ. ಹುಲಿಗೆವ್ವ ನಕ್ಕಳು. ‘ಅಯ್ಯ, ಹೊಟ್ಟೀಕಿಚ್ಚಿನಾಕಿ’ ಎಂದು ನನ್ನ ಗಲ್ಲ ತಿವಿದು ಎದ್ದು ಹೋದಳು.

ಬುಧವಾರ ಬೆಳಿಗ್ಗೆ ಪೆಟ್ಟಿಗೆ ಸಾರ ಹೇಳಿತು. ಬಸ್ ನಿಲ್ದಾಣಕ್ಕೆ ನೀಲಿ ಬಣ್ಣದ ಬಗ್ಗೆ ಚರ್ಚೆ. ಅಧ್ಯಕ್ಷರ ಸನ್ಮಾನಕ್ಕೆ ಸಮಿತಿಯ ಸಲಹೆ. ಬೀದಿ ನಾಯಿಗಳ ಕಾಟ. ಮೈದಾನದ ಬೇಲಿ. ಕೊನೆಗೆ, ‘ಮಾರ್ಕೆಟ್ಟಿನ ಹಿಂದಿನ ಒಳಚರಂಡಿ ಕುರಿತು ಸುದೀರ್ಘ ಚರ್ಚೆ ನಡೆದು, ಅದರ ಸ್ವಚ್ಛತೆ ತುರ್ತಾಗಿ ಆಗಬೇಕಾದ ಕೆಲಸವೆಂದು ಸಭೆ ಮನಗಂಡಿತು.’ ಹುಲಿಗೆವ್ವನ ಹೆಸರಿಲ್ಲ. ನೀಲಿ ತುಟಿ ಇಲ್ಲ. ಕೂಸು ಇಲ್ಲ. ಐದು ಸಾಲಿನಲ್ಲಿ ಹೇಳು ಎಂದು ಅದಕ್ಕೆ ಕಲಿಸಿದವರು ಮನುಷ್ಯರು. ಬರೆದಾದ ಮೇಲೆ ಉಳಿದ ಮಾತನ್ನು ಅಳಿಸಿಬಿಡು ಎಂದು ಕಲಿಸಿದವರೂ ಮನುಷ್ಯರೇ.

‘ಬಿಟ್ಟಿದ್ದು ಐತೇನು?’ ಎಂದಿತು. ಸಿಕ್ಕಿಬಿದ್ದಳು ಸವತಿ ಎಂದುಕೊಂಡೆ. ‘ಬಿಟ್ಟಿದ್ದು ಐತೇನು?’ ಈಗಲೇ ಕೂಗಿದರೆ ಸುಧೀಂದ್ರ ಓಡಿ ಬಂದು ಸರಿ ಮಾಡುತ್ತಾನೆ, ಅದಕ್ಕೆ ಕಣ್ಣೂ ಇಡುತ್ತಾನೆ, ಆಮೇಲೆ ನನ್ನನ್ನು ಯಾರು ಕೇಳುತ್ತಾರೆ? ಬೀಳಲಿ, ಪೂರಾ ಬೀಳಲಿ. ‘ಬಿಟ್ಟಿದ್ದು ಐತೇನು?’ ಪಕ್ಕದಲ್ಲಿ ಹುಲಿಗೆವ್ವ, ‘ಇಲ್ಲವಾ, ಇಲ್ಲ’ ಎಂದು ಎಲ್ಲರ ಜೊತೆ ಕೂಗಿದಳು. ನಾನು ಬಾಯಿ ಬಿಡಲಿಲ್ಲ. ಏಜೆಂಟರು ಕೆಲಸಕ್ಕೆ ಹೋದರು.

ತುರ್ತು ಎಂಬ ಮಾತನ್ನು ಹಾಜರಿ ಏಜೆಂಟು ಮೊದಲು ಹಿಡಿಯಿತು. ಆ ಮಧ್ಯಾಹ್ನವೇ ದುರುಗಪ್ಪನ ಮೊಬೈಲಿಗೆ ಗುರುವಾರದ ಕೆಲಸ ಬಂತು. ಅವನು ಜಗಲಿಯಲ್ಲಿ ಅದನ್ನು ಓದಿಸಿಕೊಂಡದ್ದು ನನ್ನ ಕಿವಿಗೆ ಬಿತ್ತು. ನಾನು ಒಲೆಯ ಮುಂದೆ ಕೂತಿದ್ದೆ. ಎದ್ದು ಹೋಗಿ ಹೇಳಬೇಕೆನಿಸಿತು. ಎದ್ದೆ ಕೂಡ. ಅಷ್ಟರಲ್ಲಿ ಹುಲಿಗೆವ್ವ, ‘ಸಾರ ಅಂದ್ರ ಹಿಂಗಿರಬೇಕು ನೋಡು, ಇವತ್ತು ಹೇಳಿದ್ರ ನಾಳಿ ಕೆಲಸ. ಹೊನ್ನೂರಿ ಹೇಳಿದ್ದು ಒಂದು ವಾರ ಹಿಡೀತಿತ್ತು’ ಎಂದಳು, ನನಗೆ ಕೇಳಲೆಂದೇ. ಚೇಷ್ಟೆಗೆ ಅಂದದ್ದು. ನಾನು ಮತ್ತೆ ಕೂತೆ. ಇಳಿಯುವ ಹೊತ್ತಿಗೆ ಹೇಳಿದರಾಯಿತು, ಎಲ್ಲರ ಎದುರಿಗೆ ಹೇಳಿದರೆ ಪೆಟ್ಟಿಗೆಯ ಮಾನ ಇನ್ನೂ ಚೆನ್ನಾಗಿ ಹೋಗುತ್ತದೆ ಎಂದುಕೊಂಡೆ.

ಗುರುವಾರ ನಾನು ಮಾರ್ಕೆಟ್ಟಿನ ಹಿಂದಕ್ಕೆ ಹೋಗುವಷ್ಟರಲ್ಲಿ ಅವನು ಇಳಿದಾಗಿತ್ತು. ಸೊಂಟದ ಹಗ್ಗವನ್ನು ಕಟ್ಟಿದವಳು ಹುಲಿಗೆವ್ವ. ಮಂಗಳವಾರ ಅರವತ್ತೆರಡು ಕೈ ಎತ್ತಿಸಿದವಳು ಗುರುವಾರ ತನ್ನ ಕೈಯಾರೆ ಗಂಡನಿಗೆ ಗಂಟು ಹಾಕಿ, ಗಟ್ಟಿ ಇದೆಯೇ ಎಂದು ಎರಡು ಸಲ ಎಳೆದು ನೋಡಿ ಇಳಿಸಿದ್ದಳು. ಹೋದ ಸಲದ ಹೆದರಿಕೆ ಅವಳಿಗಿತ್ತು, ಆದರೆ ಸಭೆಯೇ ತುರ್ತೆಂದ ಕೆಲಸವನ್ನು ಒಲ್ಲೆ ಎನ್ನುವುದು ಹೇಗೆ? ‘ಅವನ್ನ ಎತ್ತರಿ! ಎತ್ತರಿ!’ ಎಂದು ನಾನು ಕೂಗಿದೆ. ಎತ್ತಿದರು. ತುಟಿ ನೀಲಿಯಾಗಿದ್ದವು. ಹುಲಿಗೆವ್ವ ಬಾಗಿ ಊದಿದಳು, ಊದಿದಳು. ಸುತ್ತ ನಿಂತವರು ಅವಳ ಭುಜ ಹಿಡಿದು ಎಬ್ಬಿಸುವವರೆಗೆ ಊದುತ್ತಲೇ ಇದ್ದಳು.

ಮೂರನೇ ದಿನ ಅವಳೇ ನನ್ನ ಮನೆಗೆ ಬಂದಳು. ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲಿ ನಿಂತಳು. ‘ಮಂಗಳವಾರ ನಾ ಒಳಗ ಏನಂದೆ?’ ಎಂದಳು. ನಾನು ಹೇಳಿದೆ. ಐದು ಸಾಲಲ್ಲ, ನಲವತ್ತು ನಿಮಿಷ. ಅವಳ ಮಾತನ್ನು ಅವಳ ದನಿಯಲ್ಲೇ ಹೇಳಿದೆ. ತುತ್ತು ಮೂಸುವುದನ್ನು, ಕೂಸನ್ನು, ಪಂಪಣ್ಣನವರ ಕನ್ನಡಕವನ್ನು, ಎದ್ದ ಕೈಗಳನ್ನು. ಆಮೇಲೆ ನಿಲ್ಲಿಸಲಿಲ್ಲ. ಗುಟ್ಟು ಗೊತ್ತಿತ್ತು ಎಂದೆ. ಬುಧವಾರ ಮೂರು ಸಲ ಕೇಳಿದಾಗ ಬಾಯಿ ಮುಚ್ಚಿಕೊಂಡಿದ್ದೆ ಎಂದೆ. ಯಾಕೆ ಎಂದೂ ಹೇಳಿದೆ.

ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ತನ್ನ ಸೆರಗಿನ ತುದಿಯನ್ನು ಹಿಡಿದು ನೋಡಿದಳು. ಮಂಗಳವಾರದ ಗಂಟು ಇನ್ನೂ ಹಾಗೇ ಇತ್ತು. ‘ಹಗ್ಗ ಕಟ್ಟಿದಾಕಿ ನಾನು’ ಎಂದಳು. ‘ನನಗ ನೆನಪಿರಲಿಲ್ಲ. ನಿನಗಿತ್ತು.’ ಆಮೇಲೆ, ‘ಇನ್ನ ನನ್ನ ಮನಿ ಬಾಗಲಕ್ಕ ಬರಬ್ಯಾಡ ನೀ. ಸತ್ತರೂ ಬರಬ್ಯಾಡ. ಆದ್ರ ಆ ಕಲ್ಲು ಬಿಟ್ಟು ಏಳಬ್ಯಾಡ. ಎದ್ದೆಂದ್ರ ನೋಡು’ ಎಂದು ಹೊರಟುಹೋದಳು.

ಸೋಮವಾರ ತುರ್ತು ಸಭೆ ಕರೆದರು. ಮರುದಿನ ಜಿಲ್ಲೆಯಿಂದ ಸಾಹೇಬರು ವಿಚಾರಣೆಗೆ ಬರುವವರಿದ್ದರು; ದುರುಗಪ್ಪ ತಾನಾಗಿಯೇ ಇಳಿದ, ಸಭೆ ಏನನ್ನೂ ತೀರ್ಮಾನಿಸಿರಲಿಲ್ಲ ಎಂದು ಬರೆದ ಕಾಗದ ಆಗಲೇ ಸಿದ್ಧವಿತ್ತು. ಪೆಟ್ಟಿಗೆಯ ಸಾರವೇ ಅದಕ್ಕೆ ಸಾಕ್ಷಿ. ನಾನು ನನ್ನ ಕಲ್ಲಿನ ಮೇಲೆ ಕೂತಿದ್ದೆ. ಪಂಪಣ್ಣನವರು ಹೊಸ್ತಿಲಿನ ಒಳಗೆ ನಿಂತು ಕರೆದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

‘ಬಾರವ್ವ ಹೊನ್ನೂರವ್ವ, ಒಳಗ ಬಾ. ಎಷ್ಟು ವರ್ಷ ಹೊರಗ ಕುಂದರ್ತಿ ಬಿಸಲಾಗ? ಕುರ್ಚಿ ಹಾಕ್ಸೀನಿ ನೋಡು.’

ಹಾಕಿಸಿದ್ದರು. ಪೆಟ್ಟಿಗೆಯ ಪಕ್ಕದಲ್ಲೇ, ಕೈ ಇರುವ ಕುರ್ಚಿ, ಅದರ ಮೇಲೂ ಕೆಂಪು ಮಖಮಲ್ಲು. ಸುಧೀಂದ್ರ ಕಿಟಕಿಗೆ ಬಂದು ಮೆಲ್ಲಗೆ, ‘ಪೆಟ್ಟಿಗೆಗೆ ಕಣ್ಣಿಲ್ಲ ಅನ್ನೋದು ಹುಲಿಗೆವ್ವ ಹೇಳಿದ ಮೇಲೆ ನಮಗೂ ಗೊತ್ತಾಯ್ತು. ನೀವು ಪಕ್ಕದಲ್ಲಿ ಕೂತು ಕೈಗಳನ್ನ ಎಣಿಸಿ ಅದಕ್ಕೆ ಹೇಳಿದ್ರೆ ಸಾಕು. ಏಜೆಂಟರು ಇನ್ನು ನಿಮ್ಮಿಬ್ಬರ ಹೆಸರಲ್ಲೂ ಸಾರ ಕೇಳ್ತಾರೆ’ ಎಂದ. ಅವನ ಮುಖದಲ್ಲಿ ಮೋಸ ಕಾಣಲಿಲ್ಲ. ಅವನು ನಿಜವಾಗಿಯೇ ಸರಿಮಾಡಲು ಹೊರಟಿದ್ದ. ಕಟ್ಟೆಯ ಕಡೆಯಿಂದ, ಪರೀಕ್ಷೆಗೆ ಹಾಕಿದ್ದನೋ ಏನೋ, ನೀರಿನ ಏಜೆಂಟಿನ ದನಿ ಬಂತು: ‘ಹೊನ್ನೂರವ್ವನವರೇ, ಇತ್ತೀಚಿನ ಸಭೆಗಳ ಸಾರ ದಯವಿಟ್ಟು ಹೇಳಿ.’

ಸುಳ್ಳು ಹೇಳುವುದಿಲ್ಲ. ದುರುಗಪ್ಪ ಮಣ್ಣಾಗಿ ನಾಲ್ಕು ದಿನವಾಗಿರಲಿಲ್ಲ, ಆ ದನಿ ಕೇಳಿ ನನ್ನ ಕಾಲು ತಾವಾಗಿಯೇ ನೆಲಕ್ಕಿಳಿದವು. ಮುತ್ತಜ್ಜಿ ಕಂಡಿರದ ಕುರ್ಚಿ. ನಮ್ಮವ್ವ ಕನಸಲ್ಲೂ ಕೂರದ ಕುರ್ಚಿ. ಮಖಮಲ್ಲು.

ಪಂಪಣ್ಣನವರಿಗೆ ಆ ಮಂಗಳವಾರ ನೆನಪಿಲ್ಲ. ಕಣ್ಣೊರೆಸಿಕೊಂಡದ್ದೂ, ಮೊದಲು ಕೈಯೆತ್ತಿದ್ದೂ ನೆನಪಿಲ್ಲ. ಆದರೆ ಹೊಸ್ತಿಲಿನ ನೇಮವನ್ನು ಅವರು ಯಾವತ್ತೂ ಮರೆತವರಲ್ಲ. ನಾನು ಒಂದು ಸಲ ಒಳಗೆ ಹೋಗಿ ಒಂದು ಸಲ ಹೊರಗೆ ಬಂದರೆ ಸಾಕು. ಅರವತ್ತೆರಡು ಕೈಗಳೂ ಇಳಿಯುತ್ತವೆ. ನಾಳೆ ಸಾಹೇಬರು ಕೇಳಿದಾಗ ನಾನೂ ಎಲ್ಲರ ಹಾಗೆ, ‘ಇಲ್ರೀ, ಬಿಟ್ಟಿದ್ದೇನೂ ಇಲ್ಲ’ ಎನ್ನುತ್ತೇನೆ. ಅದೂ ಅಲ್ಲದೆ, ಹೊರಗೆ ಬಂದ ಮೇಲೆ ನಾನು ಬಾಯಿ ಮುಚ್ಚಿಕೊಂಡಿದ್ದು ಏನನ್ನು ಎಂಬುದೂ ನನಗೆ ನೆನಪಿರುವುದಿಲ್ಲ. ಎಷ್ಟು ಹಗುರ! ಅವರು ನನಗೆ ಕೊಡುತ್ತಿದ್ದುದು ಕುರ್ಚಿಯಷ್ಟೇ ಅಲ್ಲ.

ಚಾವಡಿಯ ಎದುರಿನ ಬೇವಿನ ಗಿಡದ ಕೆಳಗೆ ಹುಲಿಗೆವ್ವ ನಿಂತಿದ್ದಳು. ಅವಳು ಒಳಗೆ ಹೋಗಿರಲಿಲ್ಲ. ನನ್ನ ಮುಖ ನೋಡುತ್ತಿರಲಿಲ್ಲ, ನೆಲಕ್ಕಿಳಿದ ನನ್ನ ಕಾಲುಗಳನ್ನು ನೋಡುತ್ತಿದ್ದಳು.

ನಾನು ಕಾಲು ಮೇಲೆತ್ತಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ವೈರು ತೊಡೆಗೆ ಒತ್ತಿತು. ಒತ್ತಲಿ ಎಂದು ಬಿಟ್ಟೆ.

‘ಏನವಾ, ಕರದ್ರ ಕೇಳಸಂಗಿಲ್ಲೇನು?’ ಪಂಪಣ್ಣನವರ ದನಿಯ ಬೆಣ್ಣೆ ಕರಗತೊಡಗಿತ್ತು. ‘ಏಳು. ಒಳಗ ಬಾ.’

‘ಬಿಟ್ಟಿದ್ದು ಐತ್ರಿ’ ಎಂದೆ. ಐವತ್ತು ವರ್ಷದಲ್ಲಿ ಆ ಚಾವಡಿಗೆ ನಾನು ಹೇಳಿದ ನನ್ನ ಮೊದಲ ಮಾತು ಅದು. ದನಿ ಒಡೆದಿತ್ತು, ಪೆಟ್ಟಿಗೆಯಷ್ಟು ಚೊಲೋ ಇರಲಿಲ್ಲ.

‘ಏನಿದ್ರೂ ಒಳಗ ಬಂದು ಹೇಳು. ಏಳಂದೆ.’

‘ಇಲ್ಲಿಂದನ ಹೇಳತೀನಿ. ನಾಳಿ ಸಾಹೇಬರಿಗೂ ಇಲ್ಲಿಂದನ ಹೇಳತೀನಿ.’

‘ಹೊನ್ನೂರೀ, ಏಳು!’

‘ಏಳಂಗಿಲ್ಲ.’